ಕೇಳದೆ ತುಂಬಿದ ಉಡಿ

"ಅಳುತ್ತ ಹೋದಾಕಿ ಕಾಯಿ ಹಿಡ್ಕೊಂಡು ಬರ್ತಾಳ" ಅಂತ ಕಸ್ತೂರಿಬಾಯಿಯ ಬಗ್ಗೆ ನಮ್ಮ ಸಾಲುಮನೆಗಳಲ್ಲಿ ಒಂದು ಮಾತಿತ್ತು. ಇದು ಎದುರಿಗೇ ಆಡುತ್ತಿದ್ದ ಮಾತು. ಹಿಂದಿನಿಂದ ಆಡುತ್ತಿದ್ದದ್ದು ಬೇರೆ: "ಆಕಿ ಮುಂದ ಕಷ್ಟ ಹೇಳಬ್ಯಾಡ್ರವ್ವಾ, ಬಗೆಹರಿಸಿಬಿಡ್ತಾಳ." ಎರಡೂ ಖರೆ. ಮೊದಲನೆಯದು ಅವಳಿಗೆ ಗೊತ್ತಿತ್ತು. ಎರಡನೆಯದು ಗೊತ್ತಾಗಬೇಕಾದರೆ ಗಂಗಾಪುರದ ತನಕ ಹೋಗಿ ಒಂದು ಬಾಗಿಲ ಮುಂದೆ ಕೂರಬೇಕಾಯಿತು.

ನಾಸಿಕ್ ರೋಡ್‌ನ ಪ್ರೆಸ್ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಆಗ ಕನ್ನಡದವರ ಮನೆ ಹನ್ನೊಂದಿದ್ದವು. ಕಸ್ತೂರಿಬಾಯಿ ಭಾಲ್ಕಿ ಕಡೆಯವಳು. ಗಂಡ ರೇವಣಪ್ಪ ಆ ಸರಕಾರಿ ನೋಟಿನ ಪ್ರೆಸ್ಸಿನಲ್ಲಿ ಕೆಲಸಗಾರ. ಬೆಳಿಗ್ಗೆ "ಬರ್ತೀನಿ" ಅಂದು ಹೋದರೆ ಸಂಜೆ "ಬಂದೆ" ಅನ್ನುವ ಮನುಷ್ಯ. ನಡುವಿನ ಮಾತೆಲ್ಲ ಹೆಂಡತಿಯ ಪಾಲು. ಇಬ್ಬರು ಗಂಡುಮಕ್ಕಳು ಪುಣೆ ಕಡೆ ಕೆಲಸಕ್ಕೆ ಸೇರಿ ಮರಾಠಿಯಲ್ಲೇ ಉಸಿರಾಡತೊಡಗಿದ್ದರು. ಹೆಣ್ಣು ಹುಟ್ಟಿರಲಿಲ್ಲ. ಆ ಕೊರತೆಯನ್ನು ಅವಳು ಓಣಿಯ ಹೆಣ್ಣುಮಕ್ಕಳಿಂದ ತುಂಬಿಕೊಂಡಿದ್ದಳು. ಯಾರ ಮನೆಯಲ್ಲಿ ಪಾತ್ರೆ ಜೋರಾಗಿ ಕುಕ್ಕಿದ ಸದ್ದು ಬಂದರೂ ಇವಳು ಕೈಯೊರೆಸಿಕೊಂಡು ಅಲ್ಲಿರುತ್ತಿದ್ದಳು.

ಎರಡು ಸಾವಿರದ ಒಂದನೇ ಇಸವಿ ಇರಬೇಕು. ಮಹಿಳಾ ಮಂಡಳದವರು ತರಕಾರಿ ಮಾರ್ಕೆಟ್ಟಿನ ಹತ್ತಿರ ಎರಡು ಕೋಣೆ ಹಿಡಿದು ಮರಾಠಿಯಲ್ಲಿ ಒಂದು ಬೋರ್ಡು ಹಾಕಿದರು: ಕುಟುಂಬ ಸಮುಪದೇಶನ ಕೇಂದ್ರ. ಮನೆಯ ಜಗಳ, ಗಂಡನ ಕಾಟ, ಅತ್ತೆಯ ಕಾಟ ಇರುವ ಹೆಂಗಸರು ಬಂದು ಹೇಳಿಕೊಳ್ಳುವ ಜಾಗ. ಮರಾಠಿ, ಕನ್ನಡ ಎರಡೂ ಬರುವ ಹೆಂಗಸು ಬೇಕಿತ್ತು. ಕೇಳುವುದೇನಿದೆ, ಎಲ್ಲರೂ ಇವಳ ಮನೆ ತೋರಿಸಿದರು.

ತರಬೇತಿಗೆ ಅಂತ ಹತ್ತು ದಿನ ಔರಂಗಾಬಾದಿಗೆ ಕಳಿಸಿದರು, ಈಗ ಸಂಭಾಜಿನಗರ ಆಗಿರುವ ಊರಿಗೆ. ಅಲ್ಲಿ ಕಲಿಸಿದ ಬಾಯಿ ಬಂದವರಿಗೆ ನೀವು ಹೇಳಬೇಡಿ, ಅವರಿಂದ ಹೇಳಿಸಿ ಅಂತ ದಿನಾ ಹೇಳಿದರಂತೆ. ಕಸ್ತೂರಿಬಾಯಿಗೆ ಆ ಪಾಠಕ್ಕಿಂತ ಹಾಸ್ಟೆಲಿನ ಊಟ ಹೆಚ್ಚು ನೆನಪಿತ್ತು. ಇನ್ನೊಬ್ಬರು ಮಾಡಿ ಬಡಿಸಿದ್ದನ್ನು ಕೂತು ಉಂಡ ಹತ್ತು ದಿನ ಅವು. ಲಗ್ನವಾದ ಮೇಲೆ ಅಂಥ ಹತ್ತು ದಿನ ಮತ್ತೆ ಬರಲಿಲ್ಲ ಅನ್ನುತ್ತಿದ್ದಳು. ಪಾಠದ ವಿಷಯ ತೆಗೆದರೆ ಮಾತ್ರ, "ಬೋರ್ಡಿನ ಮ್ಯಾಲ ಏನ್ ಬರದದ? ಸಮ್ ಅಂದ್ರ ಛಲೋ, ಉಪದೇಶ ಅಂದ್ರ ಉಪದೇಶ. ಛಲೋ ಉಪದೇಶ ಮಾಡ್ಲಿಕ್ಕ ಕುಂದರಿಸ್ಯಾರ, ಬಾಯಿ ಮುಚ್ಕೊಂಡು ಕುಂದ್ರಲಿಕ್ಕಲ್ಲ" ಅಂತ ಮುಗಿಸಿಬಿಡುತ್ತಿದ್ದಳು.

ಅವಳ ಪದ್ಧತಿಯೇ ಬೇರೆ. ಬಂದವಳನ್ನು ಚಾಪೆಯ ಮೇಲೆ ಕೂರಿಸಬೇಕು. ಚಹಾ ಆಗಬೇಕು. ಹಸಿದಿದ್ದರೆ ಡಬ್ಬಿಯಿಂದ ರೊಟ್ಟಿ, ಶೇಂಗಾ ಹಿಂಡಿ ತೆಗೆಯಬೇಕು. "ನೀವು" ಅನ್ನುವ ಮಾತೇ ಇಲ್ಲ. ಎಲ್ಲರೂ "ಏ ಮಗಳ". ಬಂದವಳು ಅರ್ಧ ಹೇಳುವಷ್ಟರಲ್ಲಿ ಇವಳಿಗೆ ಪೂರ್ತಿ ತಿಳಿಯುತ್ತಿತ್ತು. ಸುಳ್ಳಲ್ಲ. ಮಾಲೇಗಾಂವದಿಂದ ಒಬ್ಬಳು ಬಂದಿದ್ದಳು, ಗಂಡ ತುಕಾರಾಮ ಯಂತ್ರಮಗ್ಗದವನು, ಮನೆಯಲ್ಲಿ ಬಾಯಿ ತೆಗೆದರೆ ಕಿರುಚುತ್ತಾನೆ ಅಂತ. ಕಸ್ತೂರಿಬಾಯಿ ಅವನನ್ನು ಕರೆಸಿದಳು. ಅವನ ಬೆನ್ನ ಹಿಂದೆ ನಿಂತು ಸಣ್ಣ ದನಿಯಲ್ಲಿ "ತುಕಾರಾಮ, ನಿನ್ನ ಧೋತರಕ್ಕ ಬೆಂಕಿ ಹತ್ತೇದ" ಅಂದಳು. ಅವನು ಅಲುಗಲಿಲ್ಲ. "ಇವಗ ಸಿಟ್ಟಿಲ್ಲವ್ವಾ, ಕಿವಿ ಇಲ್ಲ" ಅಂತ ಹೆಂಡತಿಗೆ ಹೇಳಿದಳು. ವರ್ಷಗಟ್ಟಲೆ ಮಗ್ಗದ ಗದ್ದಲದಲ್ಲಿ ಕಿವಿ ಹೋಗಿತ್ತು. ಈ ಕಥೆ ನಾಸಿಕ್ ರೋಡ್ ಸ್ಟೇಷನ್ನಿನ ತನಕ ಹಬ್ಬಿ, ಇವಳ ಚಾಪೆಗೆ ಜಾಗ ಸಾಲದಾಯಿತು.

ಎಲ್ಲ ಮುಗಿದ ಮೇಲೆ ಉಡಿ. ಅದೇ ಅವಳ ತೀರ್ಪು, ಅದೇ ಸಹಿ. ಕೇಂದ್ರದ ಕಪಾಟಿನಲ್ಲಿ ಕಾಗದಪತ್ರದ ಪಕ್ಕ ಒಂದು ಸ್ಟೀಲ್ ಡಬ್ಬಿ ಅಕ್ಕಿ, ಎರಡು ತೆಂಗಿನಕಾಯಿ, ನಾಲ್ಕು ಕುಪ್ಪಸದ ಕಣ, ಅರಿಷಿಣ ಕುಂಕುಮ ಯಾವಾಗಲೂ ಇರುತ್ತಿದ್ದವು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ತುಂಬುವ ಹಾಗೆ ಇವಳು ಐದು ಹಿಡಿ ಅಕ್ಕಿ ಸೆರಗಿಗೆ ಹಾಕಿ, ಕಾಯಿಟ್ಟು, "ನಡಿ, ನಿನ್ನ ಮನಿಗೆ ನಡಿ" ಅನ್ನುತ್ತಿದ್ದಳು. ಉಡಿ ತುಂಬಲು ಬಂದವರ ಮುಂದೆ ಸೆರಗು ಒಡ್ಡದ ಹೆಣ್ಣು ನಮ್ಮಲ್ಲಿಲ್ಲ. ತುಂಬಿದ ಉಡಿಯನ್ನು ಸುರಿದು ಇಲ್ಲೇ ಕೂರುತ್ತೇನೆ ಅಂದವಳೂ ಇಲ್ಲ. ಹಾಗಾಗಿ ಕಸ್ತೂರಿಬಾಯಿ ಡಬ್ಬಿ ತೆಗೆದಳೆಂದರೆ ವಾದ ಮುಗಿಯಿತು.

ಇದನ್ನು ಅವಳು ಎಲ್ಲಿಂದ ಕಲಿತಳು ಅಂದರೆ, ತನ್ನ ತಾಯಿಯಿಂದ. ಹದಿನೇಳನೇ ವಯಸ್ಸಿಗೆ, ಲಗ್ನವಾದ ನಾಲ್ಕನೇ ತಿಂಗಳಿಗೆ, ಅತ್ತೆಯ ಕಾಟ ತಾಳದೆ ತವರಿಗೆ ಓಡಿಹೋಗಿದ್ದಳಂತೆ. ತಾಯಿ ಹೊಸ್ತಿಲ ಮೇಲೇ ಉಡಿ ತುಂಬಿ ತಿರುಗಿಸಿ ಕಳಿಸಿದಳು. "ಚಪ್ಪಲ್ ಬಿಡ್ಲಿಕ್ಕೂ ಕೊಡಲಿಲ್ಲ ನಮ್ಮವ್ವ" ಅನ್ನುವಾಗ ಅವಳ ದನಿಯಲ್ಲಿ ಹೆಮ್ಮೆಯೇ ಇರುತ್ತಿತ್ತು. ನಾವೂ ಹೆಮ್ಮೆ ಅಂತಲೇ ತಿಳಿದಿದ್ದೆವು.

ಹೀಗೆ ಏಳು ವರ್ಷ ನಡೆಯಿತು. ಎಂಟನೇ ವರ್ಷ ಉಮಾಶ್ರೀ ಬಂದಳು.

ಔರಂಗಾಬಾದಿನಲ್ಲಿ ಹುಟ್ಟಿ ಬೆಳೆದವಳು. ತಂದೆ ಗುಲ್ಬರ್ಗಾ ಕಡೆಯಿಂದ ಹೋಗಿ ಅಲ್ಲಿ ಕಿರಾಣಿ ಇಟ್ಟವರು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ, ಓಝರ್ ವಿಮಾನ ಕಾರ್ಖಾನೆಯ ಹುಡುಗನೊಬ್ಬನನ್ನು ಮದುವೆಯಾಗಿ ಈ ಕಡೆ ಬಂದಿದ್ದಳು. ಕುರ್ತಾದೊಳಗೆ ತಾಳಿ ಮುಚ್ಚಿರುತ್ತಿದ್ದರಿಂದ ಕಸ್ತೂರಿಬಾಯಿ ಮೊದಲ ವಾರ ಅವಳಿಗೆ ಎರಡು ವರ ಸೂಚಿಸಿ ಮುಗಿಸಿದ್ದಳು. ಅವಳು ಬಂದವಳೇ ಒಳಕೋಣೆಗೆ ಎರಡು ಕುರ್ಚಿ ತರಿಸಿದಳು, ಎದುರುಬದುರು ಅಲ್ಲ, ಕೊಂಚ ಓರೆಯಾಗಿ. ಗೋಡೆಗೆ ಗಡಿಯಾರ. ಒಂದು ತಂಬಿಗೆ ನೀರು. ಬಾಗಿಲು ಮುಚ್ಚಿ ಕೂರುತ್ತಿದ್ದಳು. ನಾಲ್ಕನೇ ಇಯತ್ತೆ ಓದಿದ ಹೆಂಗಸಿಗೂ "ನೀವು, ಹೇಳ್ರಿ" ಅನ್ನುತ್ತಿದ್ದಳು. ಇಡೀ ಊರು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಕಸ್ತೂರಿಬಾಯಿಯನ್ನು ಕಸ್ತೂರಿಬಾಯಿಯವರೇ ಅಂತ ಕರೆದಳು. ಮರ್ಯಾದೆ ಕೊಟ್ಟದ್ದೇ, ಆದರೂ ಇವಳಿಗೆ ಪಟ್ಟನೆ ಕದ ಹಾಕಿದ ಹಾಗಾಯಿತು.

ಮೊದಮೊದಲು ಇವಳು ನಕ್ಕಳು. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತರೆ ಸಂಬಳ ಕೊಡುವ ನೌಕರಿ ನನಗೆ ಸಿಗಲಿಲ್ಲವಲ್ಲ ಅಂತ ಭಾಗವ್ವನ ಮುಂದೆ ಹೇಳಿ ನಗಾಡಿದಳು. ಭಾಗವ್ವ ಅಂದರೆ ಇವಳ ಪಕ್ಕದ ಮನೆಯಾಕೆ, ಮೂವತ್ತು ವರ್ಷದ ಗೆಳತಿ. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ನಗು ಕಡಿಮೆಯಾಯಿತು. ಹೊರಗಿನ ಬೆಂಚಿನ ಮೇಲೆ ಹೆಂಗಸರು ಕಾಯತೊಡಗಿದ್ದರು, ಇವಳ ಚಾಪೆ ಖಾಲಿ ಇದ್ದಾಗಲೂ. ಚಾಪೆಗೆ ಬನ್ನಿ ಅಂದರೆ, ಇರಲಿ ಕಾಕು, ಮೇಡಮ್ ಬಿಡುವಾಗಲಿ ಅನ್ನುತ್ತಿದ್ದರು. ಕಾಯುವವರಿಗೆ ಚಹಾ ಕೊಡದೆ ಇರಲು ಇವಳಿಂದ ಆಗುತ್ತಿರಲಿಲ್ಲ. ಕೊಟ್ಟಳು. ಒಂದು ದಿನ ಹೊಸದಾಗಿ ಬಂದವಳೊಬ್ಬಳು ಕಪ್ಪು ವಾಪಸ್ಸು ಕೊಡುತ್ತ ಇವಳನ್ನು ಆಫೀಸಿನ ಆಳುಹೆಂಗಸನ್ನು ಕರೆಯುವ ಹಾಗೆ "ಚಹಾದ ಮಾವಶಿ" ಅಂದಳು. ಆ ಸಂಜೆ ಕಸ್ತೂರಿಬಾಯಿ ರೇವಣಪ್ಪನಿಗೆ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ. ಆತ ಉಂಡು ಎದ್ದ.

ಹೊಟ್ಟೆಕಿಚ್ಚಿಗೆ ಕಣ್ಣು ಚುರುಕು. ಮುಚ್ಚಿದ ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆ ಅಂತ ಅವಳು ಹೇಳಬಲ್ಲವಳಾದಳು. ಹೀಲ್ ಸವೆದದ್ದು ಚೆಹಡಿ ಹಳ್ಳಿಯ ಟೀಚರದು, ಪ್ಲಾಸ್ಟಿಕ್ಕಿನದು ಮೀನು ಮಾರುವವಳದು, ಕಂದು ಬಣ್ಣದ ಮಟ್ಟಸದ್ದು ಉಮಾಶ್ರೀಯದು. ಯಾರು ಎಷ್ಟು ಹೊತ್ತು ಇದ್ದರು, ಹೊರಬರುವಾಗ ಅತ್ತಿದ್ದರೋ ನಕ್ಕಿದ್ದರೋ ಎಲ್ಲ ಗೊತ್ತು. ಒಳಗೆ ಏನಂದರು ಅನ್ನುವುದೊಂದೇ ಗೊತ್ತಿಲ್ಲ. ಕಿವಿಗೊಟ್ಟರೆ ಉಮಾಶ್ರೀಯ ಒಂದೆರಡು ಪ್ರಶ್ನೆ ಕೇಳಿಸುತ್ತಿದ್ದವು, ಉತ್ತರ ಕೇಳಿಸುತ್ತಿರಲಿಲ್ಲ.

ಅದೇ ಚಳಿಗಾಲದಲ್ಲಿ ಸಾಹಿತ್ಯ ಅನ್ನುವ ಹುಡುಗಿ ಬಂದಳು. ಓಝರ್‌ನ ಎಂಜಿನಿಯರೊಬ್ಬರ ಮಗಳು, ಔರಂಗಾಬಾದಿನಲ್ಲಿ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವಂಥವಳು. ಅವಳ ಕೈಯಲ್ಲಿ ಒಂದು ಪ್ರಶ್ನಾವಳಿ. ಕಷ್ಟ ಹೇಳುವವರಿಗಲ್ಲ, ಕೇಳುವವರಿಗೆ. ಭೇಟಿಯಲ್ಲಿ ಹೆಚ್ಚು ಮಾತಾಡಬೇಕಾದವರು ಯಾರು? ಕೊನೆಯ ನಿರ್ಧಾರ ಯಾರದು? ಬಂದವರು ನಿಮ್ಮ ಮಾತು ಕೇಳದಿದ್ದರೆ ನಿಮಗೇನನಿಸುತ್ತದೆ? ಕಸ್ತೂರಿಬಾಯಿ ಟಕಟಕ ಟಿಕ್ ಹಾಕಿದಳು: ನಾನು, ನಾನು, ಸಿಟ್ಟು ಬರುತ್ತದೆ. ಕಡೆಯ ಪ್ರಶ್ನೆಯಲ್ಲಿ ನಿಂತಳು. ಬಂದವರು ನಿಮ್ಮನ್ನು ಯಾರಂತೆ ಕಾಣಬೇಕೆಂದು ನಿಮ್ಮಿಷ್ಟ? ತಾಯಿ, ಗುರು, ಗೆಳತಿ, ವೈದ್ಯೆ, ಅಪರಿಚಿತೆ. ಐದು ಚೌಕ. ಒಂದೂ ಒಪ್ಪಲಿಲ್ಲ. ಚೌಕಗಳ ಹೊರಗೆ ದಪ್ಪ ಅಕ್ಷರದಲ್ಲಿ ಬರೆದಳು, "ತವರುಮನಿ".

ಆಮೇಲೆ ಉಮಾಶ್ರೀಯ ಹಾಳೆಯ ಕಡೆ ಕಣ್ಣು ಹಾಯಿಸಿದಳು. ಅವಳ ಟಿಕ್ ಕಡೆಯ ಚೌಕದಲ್ಲಿತ್ತು. ಅಪರಿಚಿತೆ.

"ಗುರ್ತಿಲ್ಲದಾಕಿ ಆಗ್ಲಿಕ್ಕ ಎಂ.ಎ. ಓದಬೇಕೇನವಾ?" ಅಂದಳು ಕಸ್ತೂರಿಬಾಯಿ. "ಬಸ್‌ಸ್ಟ್ಯಾಂಡಿನಾಗ ನಿಂತ್ರ ಆಗ್ತದಲ್ಲ."

ಉಮಾಶ್ರೀ ನಕ್ಕಳು, ಚುಚ್ಚುಮಾತನ್ನು ತಿಳಿದೇ ನಕ್ಕಳು. "ಕನ್ನಡದಾಗ ನಮ್ಮ ಕೆಲಸಕ್ಕ ಉಪದೇಶ ಅನ್ನಂಗಿಲ್ರಿ ಕಸ್ತೂರಿಬಾಯಿಯವರೇ, ಸಮಾಲೋಚನೆ ಅಂತಾರ. ಕೂಡಿ ಯೋಚನೆ ಮಾಡೋದು. ತವರಿಗೆ ಹೇಳ್ಲಿಕ್ಕೆ ಆಗದ ಮಾತು ಇರ್ತಾವ್ರಿ. ತವರಿಗೆ ಮರ್ಯಾದೆ ಅದ, ನೋವಾಗ್ತದ. ಗುರ್ತಿಲ್ಲದವರಿಗೆ ಹೇಳಿದ್ರ ಏನು ಹೋಗ್ತದ?"

ಕಸ್ತೂರಿಬಾಯಿ ಮನೆಗೆ ಬಂದು ಭಾಗವ್ವನಿಗೆ ಹೇಳಿದ್ದು, ಇವತ್ತಿನಿಂದ ಅವಳ ಹೆಸರು ಗುರ್ತಿಲ್ಲದಾಕಿ. ಸಾಯುವ ತನಕ ಬೇರೆ ಹೆಸರಿಲ್ಲ.

ಈಗ ವಸಂತಿಯ ಮಾತು. ವಸಂತಿ ಭಾಗವ್ವನ ಮಗಳು. ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಕಸ್ತೂರಿಬಾಯಿ. ಹಲ್ಲು ಬಂದಾಗ, ಜಡೆ ಹಾಕಲು ಬಂದಾಗ, ಎಲ್ಲ ಇವಳ ಕಟ್ಟೆಯ ಮೇಲೆ. ಸಂಬಂಧ ಹುಡುಕಿದವಳೂ ಇವಳೇ. ಹುಡುಗ ಸಂಗಮನಾಥ, ಬೀದರ್ ಕಡೆಯ ಮನೆತನ, ಇರುವುದು ಗಂಗಾಪುರದಲ್ಲಿ, ಕೆಲಸ ವಾಳೂಜಿನ ಕಾರ್ಖಾನೆಯಲ್ಲಿ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ತಲೆ ತಗ್ಗಿಸಿ ಮಾತಾಡುತ್ತಾನೆ. ಲಗ್ನವಾಗಿ ಮೂರು ವರ್ಷದಲ್ಲಿ ವಸಂತಿ ಎರಡು ಸಲ ತವರಿಗೆ ಬಂದು ಕೂತಳು. ಏನಾಯಿತೇ ಅಂದರೆ ಅಲ್ಲಿ ಮನಸ್ಸು ಹತ್ತುವುದಿಲ್ಲ ಅನ್ನುತ್ತಿದ್ದಳು, ಅಷ್ಟೆ. ಮನಸ್ಸೇನು ಗೋಡೆಗೆ ಹಚ್ಚುವ ಸುಣ್ಣವೇ ಅಂತ ಕಸ್ತೂರಿಬಾಯಿ ಎರಡು ಸಲವೂ ಉಡಿ ತುಂಬಿ ಕಳಿಸಿದ್ದಳು.

ಮೂರನೇ ಸಲ ಬಂದ ವಸಂತಿ ಕಾಕುವಿನ ಮನೆಗೆ ಬರಲಿಲ್ಲ. ಒಂದು ಗುರುವಾರ ಕೇಂದ್ರದಲ್ಲಿ ಚಹಾಕ್ಕೆ ಹಾಲಿಟ್ಟು ತಿರುಗಿದ ಕಸ್ತೂರಿಬಾಯಿಗೆ ಮುಚ್ಚಿದ ಬಾಗಿಲ ಹೊರಗೆ ನೀಲಿ ಪಟ್ಟಿಯ ಚಪ್ಪಲಿ ಕಂಡವು. ಎಡಗಾಲಿನದರ ಉಂಗುಟಕ್ಕೆ ಸೇಫ್ಟಿ ಪಿನ್ನು. ಆ ಪಿನ್ನು ಹೋದ ಸಲ ತಾನೇ ಹಾಕಿಕೊಟ್ಟದ್ದು.

ಹಾಲು ಉಕ್ಕಿ ಒಲೆ ಆರಿತು. ಅವಳು ಅಲ್ಲೇ ನಿಂತಿದ್ದಳು.

ಒಂದು ತಾಸು ಆದ ಮೇಲೆ ವಸಂತಿ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು, ಆದರೆ ಉಸಿರು ಸರಾಗವಾಗಿತ್ತು. ಕಾಕುವನ್ನು ಕಂಡು, ಚಹಾ ಕೊಡ್ತೀರೇನು ಅಂದಳು. ಇವಳು ಹಾಲಿಲ್ಲ ಅಂದಳು. ಹೀಗೆ ನಾಲ್ಕು ಗುರುವಾರ. ಕಸ್ತೂರಿಬಾಯಿಗೆ ಊಟ ಸೇರದು. ನಾನು ಎತ್ತಿ ಆಡಿಸಿದ ಕೂಸು ನನ್ನನ್ನು ದಾಟಿ ಹೋಗಿ ಅವಳ ಮುಂದೆ ಏನು ಸುರಿಯುತ್ತದೆ? ಭಾಗವ್ವನಿಗೂ ಗೊತ್ತಿರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಉಮಾಶ್ರೀಯನ್ನೇ ಕೇಳಿದಳು. ನನಗೆ ಹೇಳಿದ್ದನ್ನು ನಾನು ಹೇಳುವಂತಿಲ್ಲ, ಸ್ವಲ್ಪ ದಿನ ತಡೆಯಿರಿ, ಏನು ಮಾಡಬೇಕೆಂದು ಆಕೆಯೇ ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ ಅಂದಳು ಉಮಾಶ್ರೀ. ಈ "ತಡೆಯಿರಿ" ಅನ್ನುವುದನ್ನು ಹೊರಗಿನವರಿಗೆ ಹೇಳುವ ದನಿಯಲ್ಲೇ ಹೇಳಿದಳು. ಅದೇ ತಾಗಿತು.

ಐದನೇ ಗುರುವಾರ ಬರಗೊಡಲಿಲ್ಲ. ಮಂಗಳವಾರವೇ ಸಂಗಮನಾಥನಿಗೆ ಫೋನು ಹಚ್ಚಿ, ಬಂದು ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು ಅಂದಳು. ಬುಧವಾರ ಮನೆಯಲ್ಲಿ ಹೋಳಿಗೆ ಮಾಡಿ ಭಾಗವ್ವನನ್ನೂ ವಸಂತಿಯನ್ನೂ ಊಟಕ್ಕೆ ಕರೆದಳು. ವಸಂತಿ ಬಂದು ನೋಡಿದರೆ ಗಂಡ ಗೋಡೆಗೊರಗಿ ಕೂತಿದ್ದಾನೆ. ಓಣಿಯ ನಾಲ್ವರು ಮುತ್ತೈದೆಯರು ಹೊಸ ಸೀರೆ ಉಟ್ಟು ನಿಂತಿದ್ದಾರೆ, ಅವರಲ್ಲಿ ನಾವೂ ಇದ್ದೆವು. ತಟ್ಟೆಯಲ್ಲಿ ಅಕ್ಕಿ, ಕಾಯಿ, ಹಸಿರು ಕಣ. ವಸಂತಿ ಬಾಗಿಲ ಕಡೆ ನೋಡಿದಳು, ಆಮೇಲೆ ತಾಯಿಯ ಕಡೆ. ಭಾಗವ್ವ ನೆಲ ನೋಡಿದಳು. ಕಸ್ತೂರಿಬಾಯಿ ಹಿಡಿ ತುಂಬ ಅಕ್ಕಿ ತೆಗೆದು ಮುಂದೆ ಬಂದಳು. ವಸಂತಿಯ ಎರಡು ಕೈ ತಾವಾಗಿ ಸೆರಗು ಹಿಡಿದು ಒಡ್ಡಿದವು. ಕೈಗೆ ಅದೊಂದೇ ಗೊತ್ತಿತ್ತು.

ಮರುದಿನ ಒಳಕೋಣೆಯ ಕುರ್ಚಿ ಖಾಲಿ. ಉಮಾಶ್ರೀ ಹನ್ನೊಂದರ ತನಕ ಕಾದು ಹೊರಗೆ ಬಂದಳು. ಕಸ್ತೂರಿಬಾಯಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಗಂಡನ ಮನಿಗೆ ಹೋದಳು ನನ್ನ ಮಗಳು" ಅಂದಳು. "ಉಡಿ ತುಂಬಿ ಕಳಿಸಿದೆ."

"ಹೋಗ್ತೀನಿ ಅಂತ ಅವರಂದ್ರೇನು?"

"ಸೆರಗು ಒಡ್ಡಿದಳು."

ಉಮಾಶ್ರೀಯ ಮುಖ ಬಿಳಿಚಿತು. ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ವಸಂತಿಯ ಫೋನಿಗೆ ಅವತ್ತೂ ಮರುದಿನವೂ ಹಚ್ಚಿದಳು. ಅದು ಸ್ವಿಚ್ ಆಫ್ ಆಗಿತ್ತು.

ಗೆದ್ದ ಖುಷಿ ಕಸ್ತೂರಿಬಾಯಿಗೆ ಮೂರು ದಿನ ಇತ್ತು. ನಾಲ್ಕನೇ ದಿನದಿಂದ ಆ ಬಿಳಿಚಿದ ಮುಖ ಕಣ್ಣಿಗೆ ಕಟ್ಟಿತು. ಅವಳಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನೋ ಇದೆ. ಹದಿನೈದು ದಿನ ಕಳೆದರೂ ಗಂಗಾಪುರದಿಂದ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಡಬ್ಬಿಯಲ್ಲಿ ಶೇಂಗಾ ಉಂಡೆ ತುಂಬಿಕೊಂಡು ಬಸ್ ಹತ್ತಿದಳು. ಯಾಕೆ ಹೊರಟೆ ಅಂತ ಆಮೇಲೆ ಅವಳೇ ಬಾಯಿಬಿಟ್ಟು ಹೇಳಿದ್ದಿದೆ: ಹುಡುಗಿ ಸುಖವಾಗಿದ್ದಾಳೆ ಅಂತ ಕಣ್ಣಾರೆ ನೋಡಿ ಬಂದು ಆ ಗುರ್ತಿಲ್ಲದಾಕಿಯ ಮುಂದೆ ಹೇಳಬೇಕಿತ್ತಂತೆ.

ವೈಜಾಪುರದಲ್ಲಿ ಬಸ್ ಬದಲಿಸಿ ಗಂಗಾಪುರ ಮುಟ್ಟಿದಾಗ ಮಧ್ಯಾಹ್ನ. ಊರಂಚಿನ ಹೊಸ ಓಣಿ, ತಗಡಿನ ಚಾವಣಿಯ ಮನೆ. ಹೊರಗಿನಿಂದ ಕೀಲಿ ಹಾಕಿತ್ತು. ಎಲ್ಲೋ ಹೋಗಿದ್ದಾರೆ ಅಂತ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಎದುರು ಮನೆಯ ಮುದುಕಿ ಇವಳನ್ನು ನೋಡಿ ಒಳಗೆ ಸರಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಹಿಂದೆ ಬಳೆಯ ಸದ್ದಾಯಿತು.

"ಯಾರು?" ಅಂತ ಒಳಗಿನಿಂದ ಕೇಳಿತು.

ಕಸ್ತೂರಿಬಾಯಿ ಕೀಲಿಯನ್ನು ನೋಡಿದಳು. ಕಿಟಕಿಯ ಸರಳಿನ ಹತ್ತಿರ ಹೋದಳು. ವಸಂತಿ ನಿಂತಿದ್ದಳು, ತಲೆ ಬಾಚಿಕೊಂಡು, ಶುಭ್ರವಾಗಿ. ಅಳುತ್ತಿರಲಿಲ್ಲ.

ಸಂಗಮನಾಥ ಪಾಳಿಗೆ ಹೋಗುವಾಗ ಹೀಗೆ ಕೀಲಿ ಹಾಕುತ್ತಾನಂತೆ, ಲಗ್ನವಾದ ಎರಡನೇ ತಿಂಗಳಿನಿಂದ. ಹಾಲಿನವನ ಹತ್ತಿರ ಎರಡು ಮಾತಾಡಿದ್ದು ಮೊದಲ ನೆವ. ಈ ಸಲ ಬಂದ ದಿನವೇ ಫೋನು ಕಿತ್ತಿಟ್ಟುಕೊಂಡಿದ್ದಾನೆ. ಅವಳ ತಲೆ ಸರಿಯಿಲ್ಲ, ಓಡಿಹೋಗುತ್ತಾಳೆ ಅಂತ ಓಣಿಗೆಲ್ಲ ಹೇಳಿಟ್ಟಿದ್ದಾನೆ, ತಲೆ ತಗ್ಗಿಸಿಕೊಂಡೇ.

"ನಾ ಯಾರ ಕೂಡ ಮಾತಾಡಿದ್ರೂ ಆತಗ ಹೊಟ್ಟಿ ಉರೀತದ, ಕಾಕು" ಅಂದಳು.

ಹೊಟ್ಟೆಯುರಿ ಅಂದರೇನು ಅಂತ ಕಸ್ತೂರಿಬಾಯಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ನೋಡಿ, ಮನಸ್ಸು ಎಂಥದು. ಕಣ್ಣೆದುರು ಕೀಲಿ ತೂಗುತ್ತಿದೆ, ಮಗಳಂಥ ಮಗಳು ಸರಳ ಹಿಂದೆ ನಿಂತಿದ್ದಾಳೆ, ಇವಳ ಬಾಯಿಂದ ಮೊದಲು ಬಂದ ಮಾತು ಇದು:

"ಆಕಿಗಿ ಹೇಳ್ದಿ. ನನಗ್ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ದ್ಯಾವಾಗ?" ಅಂದಳು ವಸಂತಿ, ಸಿಟ್ಟಿಲ್ಲದೆ. "ಬಾಯಿ ತೆಗೀಬೇಕು ಅನ್ನೂದ್ರಾಗ ತಟ್ಟಿ ತಂದ್ರಿ. ಎರಡು ಸಲಾನೂ. ಹುಡುಗನ್ನ ನೋಡಿದವ್ರು ನೀವು. ನಿಮಗ ಹ್ಯಾಂಗ ಹೇಳ್ಲಿ, ನಿಮಗ ನೋವಾಗಂಗಿಲ್ಲೇನು? ಮೇಡಮ್ ಯಾರೋ ಏನೋ. ಅದಕ್ಕ ಹೇಳಿದೆ."

ಒಳಗೆ ಗೂಟಕ್ಕೆ ಹಸಿರು ಕಣದ ಗಂಟು ತೂಗುತ್ತಿತ್ತು. ಉಡಿಯ ಅಕ್ಕಿ. ಗಂಡನ ಮನೆಗೆ ಹೋಗಿ ಅದರಲ್ಲಿ ಸಿಹಿ ಮಾಡಬೇಕು. ಕಟ್ಟಿದ ಗಂಟು ಬಿಚ್ಚಿರಲಿಲ್ಲ.

ಕಸ್ತೂರಿಬಾಯಿ ಸರಳು ಹಿಡಿದಳು. ಆಮೇಲೆ ಕೇಳಿದಳು. ಮುಚ್ಚಿದ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ಪ್ರಶ್ನೆ ಅದು, ಆ ಇನ್ನೊಬ್ಬಳ ಪ್ರಶ್ನೆ. ತನ್ನ ಬಾಯಲ್ಲಿ ಅದು ಪರರ ಮನೆಯ ಚಮಚೆಯ ಹಾಗೆ ಅನಿಸಿತಂತೆ.

"ಈಗ ನಿನಗೇನು ಬೇಕು?"

ನಿಮ್ಮ ಹೆಗಲ ಮೇಲೆ ತಲೆಯಿಡಬೇಕು, ಕರೆದುಕೊಂಡು ಹೋಗಿ ಅನ್ನುತ್ತಾಳೆ ಅಂತ ಕಾದಳು. ವಸಂತಿ ಸರಳಿನ ನಡುವೆ ಕೈ ಚಾಚಿದಳು.

"ಫೋನ್ ಕೊಡ್ರಿ. ಮೇಡಮ್‌ಗೆ ಹಚ್ತೀನಿ."

ಇವಳು ಫೋನು ಕೊಟ್ಟಳು. ನಂಬರು ಹುಡುಕಿಕೊಡಲೇನು ಅಂದಳು. ಬೇಡ ಅಂದಳು ವಸಂತಿ. ಹತ್ತು ಅಂಕಿ ಒಂದೂ ತಡವರಿಸದೆ ಒತ್ತಿದಳು, ಬಾಯಿಪಾಠ. ಎತ್ತಿ ಆಡಿಸಿದ ಕಾಕುವಿನ ನಂಬರು ಅವಳಿಗೆ ಬಾಯಿಪಾಠವಿರಲಿಲ್ಲ. ಫೋನು ಹಿಡಿದು ಅವಳು ಒಳಗಿನ ಮೂಲೆಗೆ ಸರಿದಳು.

ಕಸ್ತೂರಿಬಾಯಿ ಮತ್ತೆ ಕಟ್ಟೆಯ ಮೇಲೆ ಕೂತಳು, ಬಾಗಿಲಿಗೆ ಬೆನ್ನು ಹಾಕಿ. ಒಳಗೆ ಮಾತು ನಡೆದಿತ್ತು, ಸಣ್ಣಗೆ, ಉದ್ದಕ್ಕೆ. ಯಾವ ಅಕ್ಷರವೂ ಸ್ಪಷ್ಟ ಕೇಳಿಸದು. ಈ ಸಲ ಕಿವಿಗೊಡಲಿಲ್ಲ ಅಂತ ಆಣೆ ಮಾಡಿ ಹೇಳುತ್ತಿದ್ದಳು. ನಾವು ಅರ್ಧ ನಂಬಿದ್ದೇವೆ.

ಎರಡು ತಾಸಿನಲ್ಲಿ ಗಂಗಾಪುರ ಠಾಣೆಯಿಂದ ಒಬ್ಬಳು ಮಹಿಳಾ ಪೊಲೀಸು ಬಂದಳು, ಉಮಾಶ್ರೀ ಹೇಳಿಸಿ ಕಳಿಸಿದ್ದು. ಅವಳೇ ಸಂಗಮನಾಥನನ್ನು ಕಾರ್ಖಾನೆಯಿಂದ ಕರೆಸಿ ಕೀಲಿ ತೆಗೆಸಿದಳು. ಅವನು ಗದ್ದಲ ಮಾಡಲಿಲ್ಲ. ಕಳ್ಳಕಾಕರ ಊರು, ಅವಳ ಸುರಕ್ಷೆಗೆ ಅಂದ. ಆಮೇಲೆ ಕಸ್ತೂರಿಬಾಯಿಯ ಕಡೆ ತಿರುಗಿ, ತಲೆ ತಗ್ಗಿಸಿಯೇ ಕೇಳಿದ: "ಉಡಿ ತುಂಬಿ ಕಳಿಸಿದವರು ನೀವೇ ಅಲ್ರಿ ಕಾಕು?"

ಕಸ್ತೂರಿಬಾಯಿ ಉಂಡೆಯ ಡಬ್ಬಿ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಂದ ವಸಂತಿಯ ಹಿಂದೆ ನಡೆದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ನಡುವೆ ಆ ಹಸಿರು ಗಂಟು. ವಸಂತಿ ಅದನ್ನು ಬಿಟ್ಟು ಬರಲಿಲ್ಲ, ಮಡಿಲಿಗೂ ತೆಗೆದುಕೊಳ್ಳಲಿಲ್ಲ. ನಾಸಿಕ್ ರೋಡ್ ಬಂದಾಗ ಕಸ್ತೂರಿಬಾಯಿ ಅದನ್ನೆತ್ತಿಕೊಂಡು ಮನೆಗೆ ತಂದು, ಮರುದಿನ ಅಂಗಳದಲ್ಲಿ ಹಕ್ಕಿಗಳಿಗೆ ಹಾಕಿದಳು. ಭಾಗವ್ವ ಒಂದು ವರ್ಷ ಅವಳ ಕೂಡ ಮಾತಾಡಲಿಲ್ಲ.

ಕೇಂದ್ರದ ಕಪಾಟಿನಿಂದ ಅಕ್ಕಿಯ ಡಬ್ಬಿ ಮನೆಗೆ ಬಂತು. ಅವಳೂ ಮನೆಗೆ ಬಂದಳು. ಬಿಡಬೇಡಿ, ನೀವು ಹೊರಗೆ ಕೂತರೆ ಬಂದವರಿಗೆ ಧೈರ್ಯ ಅಂತ ಉಮಾಶ್ರೀ ಎರಡು ಸಲ ಕರೆಯಲು ಬಂದಿದ್ದಳು. ಚಹಾದ ಮಾವಶಿ ಆಗಲು ನಾನು ಬರುವುದಿಲ್ಲ ಅಂದಳು. ಹಾಗಂತ ಅವಳ ಕಟ್ಟೆಗೆ ಹೆಂಗಸರು ಬರುವುದು ನಿಲ್ಲಲಿಲ್ಲ. ಅಳುತ್ತ ಬಂದವಳಿಗೆ ರೊಟ್ಟಿ ಕೊಡುತ್ತಿದ್ದಳು, ಅರ್ಧ ಮಾತು ಕೇಳಿ ಪೂರ್ತಿ ತಿಳಿಯುತ್ತಿದ್ದಳು, ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಹುಳಿ ಕಡಿದ ಮುಖದಲ್ಲಿ "ಹೋಗವ್ವಾ, ಆ ಗುರ್ತಿಲ್ಲದಾಕಿ ಹಂತ್ಯಾಕ ಹೋಗು. ಆಕಿಗಿ ಕೇಳ್ಲಿಕ್ಕ ಬರ್ತದ" ಅನ್ನುತ್ತಿದ್ದಳು. ಅವರು ಹೋಗುತ್ತಿದ್ದರು. ಇವಳು ಕಟ್ಟೆಯ ಮೇಲೆ ಕೂತು, ಅವರು ತಿರುವು ದಾಟುವ ತನಕ ಅವರ ಚಪ್ಪಲಿಯನ್ನೇ ನೋಡುತ್ತಿದ್ದಳು.

ಎರಡು ಸಾವಿರದ ಹದಿಮೂರರಲ್ಲಿ ರೇವಣಪ್ಪ ನಿವೃತ್ತನಾದ. ಕ್ವಾರ್ಟರ್ಸ್ ಬಿಡಬೇಕು. ಭಾಲ್ಕಿಯಲ್ಲಿ ಅಣ್ಣತಮ್ಮಂದಿರ ಮನೆಯಲ್ಲೊಂದು ಪಾಲಿತ್ತು, ಅಲ್ಲಿಗೇ ಹೋಗುವುದು ಅಂತ ಎಲ್ಲರೂ ತಿಳಿದಿದ್ದೆವು. ಒಂದು ಸಂಜೆ ಕಸ್ತೂರಿಬಾಯಿ ಊಟದ ತಾಟು ಕೊಡದೆ ಗಂಡನ ಮುಂದೆ ಕೂತಳಂತೆ. ಎಲ್ಲಿಗೆ ಹೋಗೋಣ ಅಂತ ನನ್ನನ್ನು ಕೇಳು, ಕೇಳಿದ ಮೇಲೆ ಬಡಿಸುತ್ತೇನೆ ಅಂದಳಂತೆ. ರೇವಣಪ್ಪ ಬಹಳ ಹೊತ್ತು ಯೋಚಿಸಿ, "ಎಲ್ಲಿಗಿ ಹೋಗೂಣು?" ಅಂದ. ಔರಂಗಾಬಾದ್ ಅಂದಳು. ಕಾರಣ ಅವನು ಕೇಳಲಿಲ್ಲ. ಅವಳು ನಮಗೆ ಹೇಳಿದಳು: ಕೂತು ಉಂಡ ಹತ್ತು ದಿನದ ಊರು ಅದು.

ಹೊರಡುವ ದಿನ ಟೆಂಪೋಕ್ಕೆ ಸಾಮಾನು ಹೇರಿದ ಮೇಲೆ ಓಣಿಯ ಹೆಂಗಸರೆಲ್ಲ ಖಾಲಿ ಮನೆಯಲ್ಲಿ ಸೇರಿದೆವು. ಭಾಗವ್ವ ತಟ್ಟೆ ಸಿದ್ಧ ಮಾಡಿದ್ದಳು. ಉಮಾಶ್ರೀಯೂ ಬಂದಿದ್ದಳು, ಅದೇ ಕುರ್ತಾ, ಅದೇ "ಕಸ್ತೂರಿಬಾಯಿಯವರೇ". ವಸಂತಿ ಅವಳ ಮಗ್ಗುಲಿಗೆ ನಿಂತಿದ್ದಳು. ಆಗ ಅವಳು ಸ್ಟೇಷನ್ ಹತ್ತಿರ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರ ಭುಜ ತಾಗಿದ್ದನ್ನು ಕಸ್ತೂರಿಬಾಯಿ ನೋಡಿದಳು. ನೋಡಿದ್ದನ್ನು ನಾವೂ ನೋಡಿದೆವು.

ಗಂಡನನ್ನು ಬಿಟ್ಟವಳು ಉಡಿ ತುಂಬಬಹುದೋ ಬಾರದೋ ಅಂತ ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಕಸ್ತೂರಿಬಾಯಿ ತಟ್ಟೆಯನ್ನು ಭಾಗವ್ವನ ಕೈಯಿಂದ ತೆಗೆದು ವಸಂತಿಯ ಕೈಗೇ ಕೊಟ್ಟು, ಸೆರಗು ಒಡ್ಡಿದಳು. ವಸಂತಿ ಹಿಡಿ ತುಂಬ ಅಕ್ಕಿ ತೆಗೆದಳು. ಕೈ ಸೆರಗಿನ ಮೇಲೆ ಬಂದು ನಿಂತಿತು.

"ತುಂಬ್ಲೇನ್ರಿ, ಕಾಕು?"

ಉಡಿ ತುಂಬುವಾಗ ತುಂಬಲೇ ಅಂತ ಕೇಳಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಇಬ್ಬರು ನಕ್ಕರು. ಕಸ್ತೂರಿಬಾಯಿ ನಗಲಿಲ್ಲ. ಅವಳ ಕಣ್ಣು ಹೊಸ್ತಿಲಿಗೆ ಹೋಗಿ ಅಲ್ಲಿ ಸ್ವಲ್ಪ ನಿಂತು ಬಂದವು. ಆಮೇಲೆ ಉಮಾಶ್ರೀಯನ್ನು ನೋಡಿದಳು.

"ಕೇಳೂದು ಆಕಿ ಕಲಿಸ್ಯಾಳ ನಿನಗ."

"ಹೌದ್ರಿ" ಅಂದಳು ವಸಂತಿ.

"ಗೊತ್ತದ ನನಗ" ಅಂದಳು. ಸೆರಗನ್ನು ಸರಿಯಾಗಿ ಹಿಡಿದು, "ತುಂಬು. ಎರಡೇ ಹಿಡಿ ಸಾಕು. ನಾ ಹೋಗೂದು ನನ್ನ ಮನಿಗೆ."

ವಸಂತಿ ಎರಡೇ ಹಿಡಿ ಹಾಕಿದಳು. ಕಸ್ತೂರಿಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಗೋಡೆಗೆ ಒಮ್ಮೆ ಕೈ ಮುಗಿದು ಹೊರಗೆ ಬಂದಳು. ಬಾಗಿಲ ಮುಂದೆ ಅಷ್ಟೂ ಹೆಂಗಸರ ಚಪ್ಪಲಿ ರಾಶಿಯಾಗಿದ್ದವು. ತನ್ನದರ ಮೇಲೆ ಯಾರದೋ ಒಂದು ಏರಿ ಕೂತಿತ್ತು. ಕಂದು ಬಣ್ಣದ್ದು, ಮಟ್ಟಸದ್ದು. ಯಾರದೆಂದು ಅವಳಿಗೆ ಗೊತ್ತಿತ್ತು. ಕಾಲಿನ ಉಂಗುಟದಿಂದ ಅದನ್ನು ಅತ್ತ ನೂಕಿ, ತನ್ನವನ್ನು ಮೆಟ್ಟಿಕೊಂಡು, ರೇವಣಪ್ಪ ಕೂತಿದ್ದ ಟೆಂಪೋದ ಕಡೆ ನಡೆದಳು.